ಪಂಪ್‌ವೆಲ್‌ನ ಹೋರ್ಡಿಂಗು, ಬಾಟಲಿಗೆ ಮರುಳಾದ ಜೀರುಂಡೆ

ಕಳೆದ ಬೇಸಿಗೆಯಲ್ಲಿ ಮಂಗಳೂರಿನ ಪಂಪ್‌ವೆಲ್ ಹತ್ತಿರ ಒಂದು ದೊಡ್ಡ ಹೋರ್ಡಿಂಗ್ ಬಂದಿತ್ತು. ಒದ್ದೆ ಸೀರೆಯ ಹುಡುಗಿ, ಬೆನ್ನು ನಮ್ಮ ಕಡೆಗೆ, ಮುಖ ಮಾತ್ರ ತಿರುಗಿಸಿ ನೋಡುತ್ತಿದ್ದಾಳೆ. ಬೆಳಿಗ್ಗೆ ಬಸ್ಸು ಅಲ್ಲಿ ಐದು ನಿಮಿಷವಾದರೂ ಸಿಕ್ಕಿಕೊಳ್ಳುತ್ತದೆ. ಕಂಡಕ್ಟರಿನಿಂದ ಹಿಡಿದು ಎಲ್ಲರ ಕಣ್ಣೂ ಒಂದು ಸಲ ಅಲ್ಲಿಗೆ ಹೋಗಿ ಬರುತ್ತಿತ್ತು. ನನ್ನದೂ.

ಎರಡು ತಿಂಗಳಾದ ಮೇಲೆ ಹಂಪನಕಟ್ಟೆಯ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಗೆಳೆಯರನ್ನು ಕೇಳಿದೆ: ಅದು ಯಾವುದರ ಜಾಹೀರಾತು?

"ಸೀರೆಯದ್ದಲ್ವಾ ಮಾರಾಯ?" ಎಂದ ಒಬ್ಬ. ಇನ್ನೊಬ್ಬನ ಪ್ರಕಾರ ಅದು ಬಾತ್‌ರೂಮ್ ಟೈಲ್ಸಿನದ್ದು. ಮೂರನೆಯವನು, "ಎಂತದೋ ಸೋಪು" ಎಂದ. ಮಾರನೇ ದಿನ ಕಣ್ಣು ಕಿರಿದು ಮಾಡಿ ಕೆಳಗಿನ ಅಕ್ಷರ ಓದಿದೆ. ಬಾವಿಗೆ ಇಳಿಸುವ ಪಂಪು! ಪಂಪ್‌ವೆಲ್‌ನಲ್ಲೇ ನಿಂತು ಪಂಪಿನ ಜಾಹೀರಾತು ಗುರುತಿಸದ ನಮಗೆ ಏನನ್ನಬೇಕು?

ತಪ್ಪು ನಮ್ಮೊಬ್ಬರದೇ ಅಲ್ಲ. 2015ರಲ್ಲಿ ಲಲ್ ಮತ್ತು ಬುಶ್‌ಮನ್ ಎಂಬ ಅಮೆರಿಕದ ಸಂಶೋಧಕರು ಸೆಕ್ಸು, ಹಿಂಸೆ ತೋರಿಸುವ ಜಾಹೀರಾತು, ಕಾರ್ಯಕ್ರಮಗಳ ಮೇಲಿನ 53 ಪ್ರಯೋಗಗಳನ್ನು ಒಟ್ಟಿಗೆ ಹಾಕಿ ನೋಡಿದರು. ಅವುಗಳಲ್ಲಿ ಭಾಗವಹಿಸಿದವರು 8,489 ಜನ. ಮೈ ತೋರಿಸಿದರೆ ಮಾಲು ಖರ್ಚಾಗುತ್ತದೆ ಎಂಬ ಹಳೇ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ಆಮೇಲೆ ಬಂದ 78 ಅಧ್ಯಯನಗಳ ಇನ್ನೊಂದು ಲೆಕ್ಕವೂ ಹೆಚ್ಚುಕಡಿಮೆ ಅದನ್ನೇ ಹೇಳಿತು. ಜಾಹೀರಾತು ನೆನಪಿರುತ್ತದೆ, ಕಂಪನಿಯ ಹೆಸರು ನೆನಪಿರುವುದಿಲ್ಲ. ಕೊಳ್ಳುವ ಮನಸ್ಸೂ ಜಾಸ್ತಿಯಾಗುವುದಿಲ್ಲ. ಇರುವುದೊಂದು ಗಮನ. ಅದನ್ನು ಚಿತ್ರ ತಿಂದುಬಿಟ್ಟರೆ ಹೆಸರಿಗೆ ಉಳಿಯುವುದೇನು?

ಹಾಗಾದರೆ ಕಣ್ಣು ಯಾಕೆ ಹೋಗುತ್ತದೆ? ಇದಕ್ಕೆ ಕಡಲಹಕ್ಕಿಯ ಹತ್ತಿರ ಉತ್ತರ ಉಂಟು. ಚಳಿಗಾಲದಲ್ಲಿ ಮಲ್ಪೆ ಬಂದರಿಗೆ ಮೀನಿನ ಆಸೆಗೆ ಬರುತ್ತವಲ್ಲ, ಅವುಗಳದ್ದೇ ಸಂಬಂಧಿ ಯೂರೋಪಿನಲ್ಲಿದೆ. ಅದರ ಹಳದಿ ಕೊಕ್ಕಿನ ಮೇಲೆ ಒಂದು ಕೆಂಪು ಚುಕ್ಕೆ. ಮರಿ ಆ ಚುಕ್ಕೆಯನ್ನು ಕುಕ್ಕಿದರೆ ತಾಯಿ ಊಟ ಕಕ್ಕಿ ಕೊಡುತ್ತದೆ. ನಿಕೋ ಟಿನ್‌ಬರ್ಗನ್ ಎಂಬ ವಿಜ್ಞಾನಿ ಮರಿಗಳ ಮುಂದೆ ಬಿಳಿ ಪಟ್ಟಿ ಬಳಿದ ಬರೀ ಕೆಂಪು ಕಡ್ಡಿ ಹಿಡಿದರು. ತಾಯಿಯ ತಲೆಯಂತೆಯೇ ಮಾಡಿದ ಬೊಂಬೆಗಿಂತ ಮರಿಗಳಿಗೆ ಆ ಕಡ್ಡಿಯೇ ಹೆಚ್ಚು ಇಷ್ಟವಾಯಿತು! ಪ್ರಾಣಿಗಳ ನಡವಳಿಕೆಯ ಇಂಥ ಕೆಲಸಕ್ಕೆ 1973ರಲ್ಲಿ ಅವರಿಗೂ ಇನ್ನಿಬ್ಬರಿಗೂ ನೊಬೆಲ್ ಬಂತು. ನಿಜವಾದದ್ದಕ್ಕಿಂತ ಉತ್ಪ್ರೇಕ್ಷೆ ಮಾಡಿದ್ದೇ ಜಾಸ್ತಿ ಸೆಳೆಯುತ್ತದೆ ಎಂಬುದು ಅದರ ತಿರುಳು.

ಜೀರುಂಡೆಯ ಕಥೆ ಇನ್ನೂ ಪಾಪ ಅನಿಸುವಂಥದ್ದು. ಪಶ್ಚಿಮ ಆಸ್ಟ್ರೇಲಿಯಾದ ರಸ್ತೆ ಬದಿಯಲ್ಲಿ ಎಸೆದ ಬಿಯರ್ ಬಾಟಲಿಗಳನ್ನು ಒಂದು ಜಾತಿಯ ಗಂಡು ಜೀರುಂಡೆಗಳು ಹತ್ತಿ ಕೂತಿದ್ದನ್ನು ಇಬ್ಬರು ಕೀಟವಿಜ್ಞಾನಿಗಳು 1983ರಲ್ಲಿ ವರದಿ ಮಾಡಿದರು. ಬಾಟಲಿಯ ಕಂದು ಹೊಳಪು, ಬುಡದ ಸಣ್ಣ ಸಣ್ಣ ಗುಬುಟುಗಳು, ಎಲ್ಲ ಹೆಣ್ಣಿನ ಬೆನ್ನಿನ ಹಾಗೇ. ಆದರೆ ಹೆಣ್ಣಿಗಿಂತ ಎಷ್ಟೋ ದೊಡ್ಡದು. ಒಂದು ಗಂಡಿಗಂತೂ ಇರುವೆಗಳು ಮುತ್ತಿ ಮೆತ್ತಗಿನ ಜಾಗವನ್ನೇ ಕಚ್ಚುತ್ತಿದ್ದವು. ಆದರೂ ಅದು ಬಾಟಲಿ ಬಿಡಲಿಲ್ಲ.

ಕಿಸೆಯಲ್ಲಿರುವ ಮೊಬೈಲು ಅಂಥ ಬಾಟಲಿಗಳ ಗೋದಾಮು. ಅದೂ ಕೊನೆಯಿಲ್ಲದ ಗೋದಾಮು, ಬೆರಳು ಸರಿಸಿದರೆ ಹೊಸದು. ಬಹುಮಾನದ ಲೆಕ್ಕ ಇಡುವ ಮೆದುಳಿನ ಡೋಪಮೈನ್ ಕೋಶಗಳಿಗೆ ಹೊಸದು, ನಿರೀಕ್ಷಿಸದ್ದು ಎಂದರೆ ಆಗಿಬರುತ್ತದೆ. ಕೋತಿಗಳಿಗೆ ಹಣ್ಣಿನ ರಸ ಕೊಟ್ಟು ವುಲ್ಫ್‌ರಾಮ್ ಶುಲ್ಟ್ಸ್ ಎಂಬ ನರವಿಜ್ಞಾನಿ ಮಾಡಿದ ಪ್ರಯೋಗಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನಿರೀಕ್ಷೆ ಇಲ್ಲದೆ ರಸ ಸಿಕ್ಕಾಗ ಕೋಶಗಳು ಕುಣಿಯುತ್ತವೆ. ಸಿಗುವುದು ಮೊದಲೇ ಗೊತ್ತಾದಾಗ ಅದೇ ರಸಕ್ಕೆ ಸುಮ್ಮನಿರುತ್ತವೆ. ಸಿಗುತ್ತದೆಂದು ಕಾದು ಸಿಗದಿದ್ದರೆ ಮಂಕಾಗುತ್ತವೆ.

ಈಗ ಮನೆಯೊಳಗಿನ ವಿಷಯಕ್ಕೆ ಬರೋಣ. ಪೋರ್ನ್ ನೋಡಿದರೆ ಸಂಸಾರ ಹಾಳಾಗುತ್ತದಾ? 1989ರ ಒಂದು ಪ್ರಯೋಗ ಹೌದು ಅಂದಿತ್ತು. ಪತ್ರಿಕೆಯ ನಗ್ನ ಚಿತ್ರಗಳನ್ನು ನೋಡಿದ ಗಂಡಸರು ಹೆಂಡತಿಯ ಮೇಲಿನ ಪ್ರೀತಿಗೆ ಕಡಿಮೆ ಅಂಕ ಕೊಟ್ಟರಂತೆ. ಎಷ್ಟೋ ಕಡೆ ಇದನ್ನು ಉದಾಹರಿಸಿದರು. ಆದರೆ ಕೆನಡಾದ ಸಂಶೋಧಕರು ಅದನ್ನೇ ಮತ್ತೆ ಮಾಡಿ ನೋಡಿ 2017ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಪರಿಣಾಮ ಸಿಕ್ಕಿರಲಿಲ್ಲ. ಭಾಷಣಗಳಲ್ಲಿ ಹಳೆಯದು ಮಾತ್ರ ಬರುತ್ತದೆ, ಅಲ್ವಾ?

ಅಂದರೆ ಏನೂ ಇಲ್ಲ ಅಂತಲ್ಲ. ಅದೇ 2017ರಲ್ಲಿ ಸುಮಾರು 50 ಅಧ್ಯಯನಗಳನ್ನು, 10 ದೇಶಗಳ 50 ಸಾವಿರಕ್ಕೂ ಹೆಚ್ಚು ಜನರ ಉತ್ತರಗಳನ್ನು ಸೇರಿಸಿ ನೋಡಿದಾಗ ಪೋರ್ನ್ ನೋಡುವ ಗಂಡಸರಲ್ಲಿ ದಾಂಪತ್ಯದ ತೃಪ್ತಿ ಸ್ವಲ್ಪ ಕಡಿಮೆ ಇತ್ತು. ಹೆಂಗಸರಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಆದರೆ ನೋಡಿದ್ದಕ್ಕೆ ತೃಪ್ತಿ ಹೋಯಿತೋ, ತೃಪ್ತಿ ಇಲ್ಲದ್ದಕ್ಕೆ ನೋಡಿದರೋ? ಬಹುಪಾಲು ಅಧ್ಯಯನಗಳು ಇದನ್ನು ಬಿಡಿಸಿ ಹೇಳಲಾರವು. ನಮ್ಮ ಕರಾವಳಿಯ ಮನೆಗಳನ್ನು ಯೋಚಿಸಿ. ಗಂಡ ಗಲ್ಫಿನಲ್ಲಿ, ಬರುವುದು ವರ್ಷಕ್ಕೊಂದು ತಿಂಗಳು. ಇಬ್ಬರ ಕೈಯಲ್ಲೂ ಮೊಬೈಲು. ಇಂಥ ಮನೆಯಲ್ಲಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಹೇಳಲು ನನಗಂತೂ ಧೈರ್ಯವಿಲ್ಲ.

ಒಂದು ವಿಷಯ ಮಾತ್ರ ನನಗೆ ಮುಖ್ಯ ಅನಿಸುತ್ತದೆ. ಒಟ್ಟಿಗೇ ನೋಡುವ ಜೋಡಿಗಳಿಗೂ, ಕದ್ದು ಒಬ್ಬರೇ ನೋಡುವವರಿಗೂ ವ್ಯತ್ಯಾಸ ಕಂಡಿದೆ. ಒಬ್ಬರೇ ನೋಡುವವರ ಸಂಬಂಧವೇ ಜಾಸ್ತಿ ಸೊರಗಿದ್ದು. ಇನ್ನೊಂದು, ನನಗೆ ಚಟ ಹತ್ತಿದೆ ಎಂದು ಹೆದರುವುದಕ್ಕೂ ಎಷ್ಟು ನೋಡುತ್ತೇವೆ ಎಂಬುದಕ್ಕೂ ನಾವು ಅಂದುಕೊಂಡಷ್ಟು ನಂಟಿಲ್ಲ. ಇದು ಪಾಪ ಎಂದು ಬಲವಾಗಿ ನಂಬಿದವರು ಸ್ವಲ್ಪ ನೋಡಿದರೂ ತಮಗೆ ಚಟವಾಗಿದೆ ಅನ್ನುತ್ತಾರೆ. ಹಾಗೆಂದು ಇದನ್ನು ಬರೀ ಭ್ರಮೆ ಅನ್ನುವ ಹಾಗಿಲ್ಲ. ನಿಲ್ಲಿಸಬೇಕೆಂದರೂ ಆಗದೆ ಕೆಲಸ, ಮನೆ ಎಲ್ಲ ಕೆಡುವ ಸ್ಥಿತಿಗೆ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ 2022ರಿಂದ ಜಾಗ ಉಂಟು. ಆದರೆ ಚಟಗಳ ಸಾಲಿನಲ್ಲಲ್ಲ, ತುಡಿತ ತಡೆಯಲಾಗದ ತೊಂದರೆಗಳ ಸಾಲಿನಲ್ಲಿ. ಮನೋವೈದ್ಯರ ಹತ್ತಿರ ಹೋಗಬಹುದಾದ ವಿಷಯ ಇದು.

ಹೆಂಗಸರ ಲೆಕ್ಕವೇ ಬೇರೆ. 1998ರ ಒಂದು ಪ್ರಯೋಗದಲ್ಲಿ ಕಾಲೇಜು ಹುಡುಗಿಯರಿಗೆ ಕನ್ನಡಿ ಇದ್ದ ಕೋಣೆಯಲ್ಲಿ ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ಹಾಕಿಸಿ ಗಣಿತದ ಪರೀಕ್ಷೆ ಕೊಟ್ಟರು. ಒಳಗೆ ಒಬ್ಬೊಬ್ಬರೇ, ನೋಡುವವರು ಯಾರೂ ಇಲ್ಲ. ಆದರೂ ಈಜುಡುಗೆ ಹಾಕಿದವರ ಅಂಕ ಕಡಿಮೆಯಾಯಿತು. ಹುಡುಗರಿಗೆ ಹಾಗೆ ಆಗಲಿಲ್ಲ. ತನ್ನ ಮೈಯನ್ನು ತಾನೇ ಬೇರೆಯವರ ಕಣ್ಣಿನಿಂದ ನೋಡಿಕೊಳ್ಳುತ್ತಾ ಕೂತರೆ ಲೆಕ್ಕಕ್ಕೆ ತಲೆ ಎಲ್ಲಿಂದ ಬರಬೇಕು? ಹೆಂಗಸರನ್ನು ಅಸಭ್ಯವಾಗಿ ತೋರಿಸಬಾರದೆಂದು ನಮ್ಮಲ್ಲಿ 1986ರದ್ದೊಂದು ಕಾನೂನು ಉಂಟು. ಬಾವಿಯ ಪಂಪಿಗೂ ಒದ್ದೆ ಬೆನ್ನು ಬೇಕು ಅನ್ನುವ ತಲೆಯನ್ನು ಅದು ಮುಟ್ಟಿಲ್ಲ. ಅದೇ ಬಸ್ಸಿನಲ್ಲಿ, ಅದೇ ಐದು ನಿಮಿಷ, ಕಾಲೇಜಿಗೆ ಹೋಗುವ ಹುಡುಗಿಯರೂ ನಿಂತಿರುತ್ತಾರೆ. ಹೋರ್ಡಿಂಗನ್ನೂ ನೋಡುತ್ತಾರೆ, ಅದನ್ನು ನೋಡುತ್ತಿರುವ ನಮ್ಮನ್ನೂ ನೋಡುತ್ತಾರೆ. ಇದು ನನಗೆ ಹೊಳೆದದ್ದೇ ತಡವಾಗಿ.

ಜೂನ್ ಎರಡನೇ ವಾರ ಗಾಳಿಮಳೆ ಜೋರಾಯಿತು. ಫ್ಲೆಕ್ಸಿನ ಮೇಲಿನ ಮುಕ್ಕಾಲು ಭಾಗ ಹರಿದು ಹಾರಿಹೋಯಿತು, ಹುಡುಗಿಯ ಸಮೇತ. ಉಳಿದದ್ದು ಕೆಳಗಿನ ಪಟ್ಟಿ ಮಾತ್ರ. ಬಸ್ಸು ನಿಂತಾಗ ಪಕ್ಕದಲ್ಲಿ ಕೂತಿದ್ದ ಅಜ್ಜರೊಬ್ಬರು ಕನ್ನಡಕ ಸರಿ ಮಾಡಿಕೊಂಡು ಪಂಪಿನ ಹೆಸರನ್ನು ಜೋರಾಗಿ ಓದಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ಯಾವಾಗ ಹಾಕಿದ್ದು ಮಾರಾಯ್ರೆ?" ಎಂದು ಕೇಳಿದರು.