ತಾಯಿಯ ಪಕ್ಕದಲ್ಲೇ ಪಾಠ: ಶಾರ್ಕ್ ಬೇ ಡಾಲ್ಫಿನ್ ಮರಿಗಳು

ಪ್ರಾಣಿಗಳ ಸಾಮಾಜಿಕ ಕಲಿಕೆಗೆ, ಅಂದರೆ ಇತರ ಪ್ರಾಣಿಗಳಿಂದ ಕಲಿಯುವುದಕ್ಕೆ, ಪರೀಕ್ಷೆಯಲ್ಲಿ ಉದಾಹರಣೆ ಬರೆಯಬೇಕಾದವರು ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಎಂಬ ಕೊಲ್ಲಿಯ ಡಾಲ್ಫಿನ್‌ಗಳನ್ನು ಆರಿಸಿಕೊಳ್ಳಬಹುದು. ಅಲ್ಲಿ 1980ರ ದಶಕದಿಂದಲೂ ಸಂಶೋಧಕರು ಬೆನ್ನಿನ ರೆಕ್ಕೆಯ ಗಾಯ-ಗುರುತುಗಳ ಮೂಲಕ ಒಂದೊಂದು ಪ್ರಾಣಿಯನ್ನೂ ಪ್ರತ್ಯೇಕವಾಗಿ ಗುರುತಿಸಿ, ಯಾವ ಮರಿ ಯಾವ ತಾಯಿಯದೆಂಬುದನ್ನು ದಾಖಲಿಸುತ್ತಾ ಬಂದಿದ್ದಾರೆ. ಇಂತಹ ದೀರ್ಘ ದಾಖಲೆಯಿಲ್ಲದೆ ಮುಂದಿನ ಯಾವ ಮಾತನ್ನೂ ಹೇಳಲಾಗುತ್ತಿರಲಿಲ್ಲ.

ಸುಮಾರು ಹನ್ನೆರಡು ತಿಂಗಳ ಗರ್ಭಧಾರಣೆಯ ನಂತರ ಒಂದೇ ಮರಿ ಹುಟ್ಟುತ್ತದೆ. ಮೊದಲ ದಿನಗಳಲ್ಲಿ ಅದು ತಾಯಿಯ ಪಕ್ಕೆಗೆ ಹತ್ತಿರವಾಗಿ, ಅವಳ ದೇಹದ ಸುತ್ತ ಹರಿಯುವ ನೀರಿನ ಸೆಳೆತವನ್ನೇ ಬಳಸಿಕೊಂಡು ಕಡಿಮೆ ಶ್ರಮದಲ್ಲಿ ಸಾಗುತ್ತದೆ. ಬೆಳೆದಂತೆ ಅವಳ ಹೊಟ್ಟೆಯ ಕೆಳಗೆ ಈಜುವುದು ಹೆಚ್ಚುತ್ತದೆ. ಹಾಲು ಬಿಡಲು ಮೂರು-ನಾಲ್ಕು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ಹಾಗೆಂದು ಬೇಟೆ ಅಷ್ಟು ತಡವಾಗಿ ಶುರುವಾಗುತ್ತದೆಂದು ಭಾವಿಸಬಾರದು: ಹುಟ್ಟಿದ ಕೆಲವೇ ತಿಂಗಳಲ್ಲಿ ಮರಿಯು ಅಂಗಾತ ತಿರುಗಿ, ಸಣ್ಣ ಮೀನನ್ನು ನೀರಿನ ಮೇಲ್ಮೈಗೆ ಅಟ್ಟಿಕೊಂಡು ಹೋಗಿ ಹಿಡಿಯಲು ಯತ್ನಿಸುತ್ತದೆ. ತಾಯಿ ಬೇಟೆಯಲ್ಲಿರುವಾಗ ಅದು ನೂರಾರು ಮೀಟರ್ ದೂರ ಹೋಗುವುದೂ ಉಂಟು. ಮರಳುವಾಗ ತನ್ನದೇ ಆದ ಗುರುತಿನ ಸಿಳ್ಳೆಯನ್ನು ಹೊರಡಿಸುತ್ತದೆ. ಅಮೆರಿಕದ ಫ್ಲೋರಿಡಾದ ಸರಸೋಟಾ ಕೊಲ್ಲಿಯಲ್ಲಿ 19 ತಾಯಂದಿರ ಧ್ವನಿಮುದ್ರಣಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವು, ಮರಿ ಜೊತೆಗಿರುವಾಗ ತಾಯಿಯ ಸಿಳ್ಳೆಯ ಸ್ವರ ಇನ್ನಷ್ಟು ಮೇಲೇರುತ್ತದೆ ಎಂದು ತೋರಿಸಿದೆ.

ಶಾರ್ಕ್ ಬೇಯ ಅತ್ಯಂತ ಸ್ವಾರಸ್ಯಕರ ಸಂಗತಿಯೆಂದರೆ ಸ್ಪಂಜಿನ ಬಳಕೆ. ಕೆಲವು ಡಾಲ್ಫಿನ್‌ಗಳು ಸಮುದ್ರತಳದಿಂದ ಸ್ಪಂಜೊಂದನ್ನು ಕಿತ್ತು ಮೂತಿಗೆ ಸಿಕ್ಕಿಸಿಕೊಂಡು, ಒರಟು ಕಲ್ಲು-ಚಿಪ್ಪುಗಳ ನೆಲವನ್ನು ಕೆದಕಿ, ಅಡಗಿದ ಮೀನನ್ನು ಎಬ್ಬಿಸುತ್ತವೆ. ಹೀಗೆ ಸಿಗುವ ಮುಖ್ಯ ಬೇಟೆಯಾದ ಒಂದು ಜಾತಿಯ ಮೀನಿಗೆ ದೇಹದೊಳಗೆ ಸದ್ದನ್ನು ಮರಳಿಸುವ ಗಾಳಿಚೀಲವಿಲ್ಲದ ಕಾರಣ, ಡಾಲ್ಫಿನ್ ತಾನು ಹೊರಡಿಸಿದ ಸದ್ದಿನ ಪ್ರತಿಧ್ವನಿಯನ್ನು ಆಲಿಸಿ ಅದನ್ನು ಪತ್ತೆಹಚ್ಚುವುದು ಕಷ್ಟ. ಆದ್ದರಿಂದಲೇ ಕೆದಕುವ ಶ್ರಮ ಸಾರ್ಥಕವಾಗುತ್ತದೆ. ತಾಯಿ ಒಂಟಿಯಾಗಿ ಈ ಕೆಲಸದಲ್ಲಿ ತೊಡಗಿರುವ ದೀರ್ಘ ಹೊತ್ತಿನಲ್ಲಿ ಮರಿಯೊಂದೇ ಅವಳ ನಿತ್ಯದ ಪ್ರೇಕ್ಷಕ. ತಾಯಿ ಉದ್ದೇಶಪೂರ್ವಕವಾಗಿ ಕಲಿಸುತ್ತಾಳೆ ಎಂದು ಉತ್ತರಪತ್ರಿಕೆಯಲ್ಲಿ ಬರೆಯದಿರುವುದು ಒಳಿತು. ಮರಿ ನೋಡಿ ಕಲಿಯುತ್ತದೆ ಎಂಬಷ್ಟೇ ಹೇಳಿಕೆಗೆ ಗಟ್ಟಿ ಆಧಾರವಿದೆ.

ಇದು ರಕ್ತದಲ್ಲೇ ಬಂದ ಗುಣವಾಗಿರಬಾರದೇಕೆ? 2005ರಲ್ಲಿ ಸಂಶೋಧಕ ಮೈಕೆಲ್ ಕ್ರೂಟ್ಜೆನ್ ಮತ್ತು ಸಂಗಡಿಗರು ಡಿಎನ್ಎ ಪರಿಶೀಲಿಸಿ, ಒಂದೇ ವಂಶವಾಹಿಯ ಮೂಲಕ ಈ ನಡವಳಿಕೆ ಸಾಗಿಬಂದಿದೆ ಎಂಬ ವಿವರಣೆ ಹೊಂದುವುದಿಲ್ಲವೆಂದು ವಾದಿಸಿದರು. ಸ್ಪಂಜು ಬಳಸುವ ಡಾಲ್ಫಿನ್‌ಗಳಿರುವ ಕೊಲ್ಲಿಯ ಆಳದ ಕಾಲುವೆಗಳಲ್ಲೇ ಸ್ಪಂಜಿಲ್ಲದೆ ಬೇಟೆಯಾಡುವ ಡಾಲ್ಫಿನ್‌ಗಳೂ ಇರುವುದರಿಂದ ಪರಿಸರವೊಂದನ್ನೇ ಕಾರಣವೆನ್ನಲೂ ಆಗದು. ಉಳಿಯುವುದು ತಾಯಿಯಿಂದ ಮರಿಗೆ ಸಾಗುವ ಕಲಿಕೆ.

ಆದರೂ ಎಲ್ಲ ಮರಿಗಳೂ ಸಮಾನವಾಗಿ ಕಲಿಯುವುದಿಲ್ಲ. ಸ್ಪಂಜು ಬಳಸುವ ತಾಯಿಯ ಹೆಣ್ಣುಮರಿಗಳು ಗಂಡುಮರಿಗಳಿಗಿಂತ ಹೆಚ್ಚಾಗಿ ಅದನ್ನು ರೂಢಿಸಿಕೊಳ್ಳುತ್ತವೆ. ಗಂಡುಗಳಿಗೆ ಮುಂದೆ ಸಂಗಾತಿಗಾಗಿ ಇತರ ಗಂಡುಗಳೊಡನೆ ಗುಂಪುಕಟ್ಟುವ ಅಗತ್ಯವಿರುವುದರಿಂದ, ಒಂಟಿತನ ಬೇಡುವ ಈ ಬೇಟೆ ಅವುಗಳಿಗೆ ಒಗ್ಗದು ಎಂಬುದು ಒಂದು ವಿವರಣೆ. ನನಗೆ ಅದು ಸಾಕಷ್ಟು ಒಪ್ಪಿಗೆಯಾಗುತ್ತದೆ.

ತಾಯಿಯೊಬ್ಬಳೇ ಗುರುವಲ್ಲ ಎಂಬುದಕ್ಕೂ ಇದೇ ಕೊಲ್ಲಿಯಲ್ಲಿ ಸಾಕ್ಷ್ಯವಿದೆ. ದೊಡ್ಡ ಖಾಲಿ ಶಂಖದೊಳಗೆ ಹೊಕ್ಕ ಮೀನನ್ನು ಶಂಖದ ಸಮೇತ ಮೇಲಕ್ಕೆ ತಂದು ಅಲುಗಾಡಿಸಿ ಬಾಯಿಗೆ ಬೀಳಿಸಿಕೊಳ್ಳುವ ಉಪಾಯವನ್ನು ಡಾಲ್ಫಿನ್‌ಗಳು ಮುಖ್ಯವಾಗಿ ಒಡನಾಡಿಗಳಿಂದ ಕಲಿಯುತ್ತವೆ ಎಂದು 2020ರ ಅಧ್ಯಯನವೊಂದು ತೋರಿಸಿತು.