ನುಸಿಗುಳಿಗೆ ಹಾಕಿಟ್ಟ ಸೀರೆಯಿಂದ ಮೊಮ್ಮಗುವಿನ ಅಂಗಿ ಹೊಲಿಯಬಹುದೇ?

ಪ್ರಶ್ನೆ: ನಮ್ಮ ಅಮ್ಮನ ಧಾರೆ ಸೀರೆಯನ್ನು ನುಸಿಗುಳಿಗೆ ಹಾಕಿ ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟಿದ್ದೇನೆ. ಮಗಳಿಗೆ ಮುಂದಿನ ತಿಂಗಳು ಹೆರಿಗೆ. ಆ ಸೀರೆಯಿಂದ ಕೂಸಿನ ನಾಮಕರಣಕ್ಕೆ ಅಂಗಿ ಹೊಲಿಯಬಹುದೇ? ಮುಂದೆ ಹುಟ್ಟುವ ಮಕ್ಕಳಿಗೂ ಅದೇ ಅಂಗಿ ಹಿರಿಯರ ಆಶೀರ್ವಾದವಾಗಿ ಉಳಿಯಬೇಕೆಂಬ ಆಸೆ.

ಉತ್ತರ: ಶಿರಸಿಯಲ್ಲಿ ಹೊಲಿಗೆ ತರಗತಿ ನಡೆಸುವ ನನಗೆ ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ. ಕಾರವಾರದ ಕ್ರೈಸ್ತ ಮನೆಗಳ ಅಜ್ಜಿಯರು ಜ್ಞಾನಸ್ನಾನದ ಬಿಳಿ ಅಂಗಿಗಾಗಿ ಕೇಳುತ್ತಾರೆ, ಘಟ್ಟದ ಮೇಲಿನವರು ತೊಟ್ಟಿಲಿಗೆ ಹಾಕುವ ದಿನದ ಅಂಗಿ, ಕುಂಚಿಗೆಗಳಿಗಾಗಿ ಕೇಳುತ್ತಾರೆ. ಹಿರಿಯರ ಸೀರೆಗೆ ಕತ್ತರಿ ಹಾಕುವುದು ಅಶುಭವೇ ಎಂಬ ಅಳುಕು ಹಲವರಿಗಿದೆ. ಆ ಅಳುಕು ಬೇಡ. ನಮ್ಮಲ್ಲಿ ಎಳೆಗೂಸಿನ ಮೈಗೆ ಮೊದಲು ತಾಗುವ ಬಟ್ಟೆಯೇ ಹಳೆಯ ಹತ್ತಿ ಸೀರೆಯ ಮೆತ್ತನೆಯ ತುಂಡು. ಆದರೆ ನೀವು ಹೇಳುವ ಆ ಸೀರೆಯಿಂದ, ಈ ಕೂಸಿಗೆ, ಖಂಡಿತ ಹೊಲಿಯಬೇಡಿ. ಅದಕ್ಕೆ ಕಾರಣ ನುಸಿಗುಳಿಗೆ.

ಇದನ್ನು ಹೇಳಿದಾಗಲೆಲ್ಲ ಬರುವ ಉತ್ತರ ಒಂದೇ: "ಎರಡು ದಿನ ಬಿಸಿಲಿಗೆ ಹಾಕಿದರೆ ವಾಸನೆ ಹೋಗುತ್ತದಲ್ಲ, ಮತ್ತೇನು?" ಎಷ್ಟು ಸಲ ತಿದ್ದಿದರೂ ಮತ್ತೆ ಮತ್ತೆ ಎದುರಾಗುವ ಈ ಮಾತನ್ನು ಇಂದು ಬುಡಸಮೇತ ಬಿಡಿಸಿ ಹೇಳುತ್ತೇನೆ.

ನುಸಿಗುಳಿಗೆಯೆಂದರೆ ಹೆಚ್ಚಾಗಿ ನಾಫ್ತಲೀನ್ ಎಂಬ ರಾಸಾಯನಿಕ. ಅದು ಕರಗಿ ನೀರಾಗದೆ, ಗಟ್ಟಿ ಸ್ಥಿತಿಯಿಂದಲೇ ನೇರವಾಗಿ ಆವಿಯಾಗುತ್ತದೆ. ಟ್ರಂಕಿನಲ್ಲಿಟ್ಟ ಗುಳಿಗೆ ವರ್ಷದೊಳಗೆ ಕಡಲೆಕಾಳಿನಷ್ಟಾಗುವುದು ಅದಕ್ಕೇ. ಆ ಆವಿ ಬಟ್ಟೆಯ ಎಳೆ ಎಳೆಯಲ್ಲಿ ಸೇರಿಕೊಳ್ಳುತ್ತದೆ. ನಾಫ್ತಲೀನ್ ನೀರಿನಲ್ಲಿ ಬಹುಮಟ್ಟಿಗೆ ಕರಗುವುದಿಲ್ಲವಾದ್ದರಿಂದ ಒಂದೆರಡು ಬಾರಿ ನೀರಿನಲ್ಲಿ ಅದ್ದಿ ತೆಗೆದರೆ ಅದು ಬಿಟ್ಟುಹೋಗುವುದೂ ಇಲ್ಲ. ವಾಸನೆ ಇನ್ನೂ ಬರುತ್ತಿದೆ ಎಂದರೆ ಆ ಪದಾರ್ಥವೇ ಇನ್ನೂ ಬಟ್ಟೆಯಿಂದ ಹೊರಟು ನಿಮ್ಮ ಮೂಗಿಗೆ ಬರುತ್ತಿದೆ ಎಂದರ್ಥ.

ದೊಡ್ಡವರಿಗೆ ಅದು ಬರಿಯ ವಾಸನೆ, ಎಳೆಗೂಸಿಗೆ ಹಾಗಲ್ಲ. ದೇಹದೊಳಗೆ ಸೇರಿದ ನಾಫ್ತಲೀನಿನಿಂದ ಉಂಟಾಗುವ ಪದಾರ್ಥಗಳು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಕ್ಕಳಲ್ಲಿ ಇದು ಬಹಳ ತೀವ್ರವಾಗಿರುತ್ತದೆ. ಈ ಕೊರತೆ ವಂಶವಾಹಿಯ ಮೂಲಕ ಬರುತ್ತದೆ ಮತ್ತು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಕಣಗಳು ಒಡೆದಾಗ ಹೊರಬರುವ ಹಳದಿ ಬಣ್ಣದ ಬಿಲಿರುಬಿನ್ ಅನ್ನು ನವಜಾತ ಶಿಶುವಿನ ಯಕೃತ್ತು ಬೇಗ ಹೊರಹಾಕಲಾರದು. ಕಾಮಾಲೆ ಏರುತ್ತದೆ, ಮಿತಿಮೀರಿದರೆ ಮಿದುಳಿಗೆ ಹಾನಿಯಾಗುತ್ತದೆ. 1963ರಲ್ಲಿ ಗ್ರೀಸ್ ದೇಶದ ವೈದ್ಯರು ಇಂಥ 21 ಶಿಶುಗಳ ವರದಿಯನ್ನು ಪ್ರಕಟಿಸಿದರು. ಅವರಲ್ಲಿ ಇಬ್ಬರು ಉಳಿಯಲಿಲ್ಲ. ಆ ಮಕ್ಕಳಲ್ಲಿ ಕೆಲವರಿಗೆ ಕಿಣ್ವದ ಕೊರತೆ ಇರಲೇ ಇಲ್ಲ ಎಂಬುದನ್ನು ಗಮನಿಸಿ. ಹೆಚ್ಚಿನವರಿಗೆ ಗುಳಿಗೆಯ ಬಟ್ಟೆ ಮೈಗೆ ತಾಗಿರಲೂ ಇಲ್ಲ, ಹತ್ತಿರದಲ್ಲಿದ್ದುದೇ ಸಾಕಾಗಿತ್ತು. ಹಾಗಾಗಿ "ಒಳಗೆ ಹತ್ತಿ ಬಟ್ಟೆಯ ಅಸ್ತರಿ ಕೊಟ್ಟು ಹೊಲಿಯುತ್ತೇನೆ" ಎಂಬ ಜಾಣ್ಮೆಯೂ ಇಲ್ಲಿ ಉಪಯೋಗಕ್ಕೆ ಬಾರದು. ಐರೋಪ್ಯ ಒಕ್ಕೂಟ 2008ರಲ್ಲಿ ಈ ಗುಳಿಗೆಗಳನ್ನು ನಿಷೇಧಿಸಿತು.

ನಮ್ಮ ಕಡೆ ಇನ್ನೂ ಒಂದು ಸಂಗತಿ ಸೇರಿಕೊಳ್ಳುತ್ತದೆ. ನಾಫ್ತಲೀನ್ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ, ಎಣ್ಣೆ ಹಚ್ಚಿದ ಚರ್ಮದ ಮೂಲಕ ಹೆಚ್ಚಾಗಿ ಒಳಸೇರುತ್ತದೆ. ದಿನವೂ ಕೊಬ್ಬರಿ ಎಣ್ಣೆ ತಿಕ್ಕಿ ಮೀಯಿಸಿದ ಕೂಸಿಗೆ, ಆ ಎಣ್ಣೆಯ ಪಸೆ ಆರುವ ಮೊದಲೇ ಟ್ರಂಕಿನ ಅಂಗಿ ತೊಡಿಸಿದರೆ ಏನಾಗಬಹುದೆಂದು ಯೋಚಿಸಿ. "ನಮ್ಮನೆಯಲ್ಲಿ ನಾಲ್ಕು ಮಕ್ಕಳಿಗೂ ಹೀಗೇ ತೊಡಿಸಿದ್ದೇವೆ, ಏನೂ ಆಗಲಿಲ್ಲ" ಎನ್ನುವವರಿಗೆ ನಾನು ಕೇಳುವುದಿಷ್ಟೇ: ಐದನೆಯ ಕೂಸಿನ ರಕ್ತದಲ್ಲಿ ಏನಿದೆಯೆಂದು ಮುಖ ನೋಡಿ ಹೇಳಬಲ್ಲಿರಾ? ಬಾಣಂತಿಯ ಕೋಣೆಯ ಕಪಾಟಿನಲ್ಲಿ ಗುಳಿಗೆಗಳಿದ್ದರೆ ಇಂದೇ ತೆಗೆದುಹಾಕಿ. ಕೂಸು ಹಳದಿಯಾದರೆ, ಬಿಳಚಿಕೊಂಡರೆ, ಮೂತ್ರ ಕಪ್ಪಗಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಮನೆಯಲ್ಲಿ ನುಸಿಗುಳಿಗೆ ಇತ್ತೆಂಬುದನ್ನು ವೈದ್ಯರಿಗೆ ತಿಳಿಸಿ.

ಬಿಸಿಲಿನ ಉಪಾಯದಿಂದ ಬಟ್ಟೆಗೂ ಕೇಡು. ರೇಷ್ಮೆ ಪ್ರಾಣಿಜನ್ಯ ನೂಲು. ಕಡು ಬಿಸಿಲಿನಲ್ಲಿ ಅದು ಹಳದಿಗಟ್ಟಿ ಶಕ್ತಿ ಕಳೆದುಕೊಳ್ಳುತ್ತದೆ. ನನ್ನ ಮಗಳ ನಾಮಕರಣದ ರೇಷ್ಮೆ ಕುಂಚಿಗೆಯನ್ನು ನಾನೂ ಒಂದು ಕಾಲದಲ್ಲಿ ಗುಳಿಗೆಯೊಂದಿಗೇ ಕಟ್ಟಿಟ್ಟಿದ್ದೆ. ಮೊಮ್ಮಗ ಹುಟ್ಟಿದಾಗ ತೆರೆದು ನೋಡಿದರೆ ಮಡಿಕೆಯ ಗೆರೆಯುದ್ದಕ್ಕೂ ಒಣಗಿದ ಬಾಳೆಲೆಯಂತೆ ಸೀಳಿತ್ತು, ಗುಳಿಗೆಯಿದ್ದ ಜಾಗದಲ್ಲಿ ಕಂದು ಬಣ್ಣದ ಕಲೆಯಿತ್ತು, ಮೂರು ದಿನ ನೆರಳಿನಲ್ಲಿ ಹರವಿದರೂ ವಾಸನೆ ಹೋಗಲಿಲ್ಲ. ಅದನ್ನು ತೊಡಿಸಲಿಲ್ಲ.

ಹಾಗಾದರೆ ಅಂಗಿಯನ್ನು ಯಾವುದರಿಂದ ಹೊಲಿಯಬೇಕು? ನಿಮ್ಮ ಅಮ್ಮ ದಿನನಿತ್ಯ ಉಟ್ಟು, ನೂರಾರು ಬಾರಿ ಒಗೆದ ಹತ್ತಿ ಸೀರೆ ಯಾವುದಾದರೂ ಮನೆಯಲ್ಲಿ ಉಳಿದಿದ್ದರೆ ಅದನ್ನು ಹುಡುಕಿ. ಧಾರೆ ಸೀರೆಯನ್ನು ಅವರು ಉಟ್ಟದ್ದು ಬೆರಳೆಣಿಕೆಯಷ್ಟು ದಿನ. ಅಡುಗೆಮನೆಯಲ್ಲಿ, ತೋಟದಲ್ಲಿ, ನಿಮ್ಮನ್ನು ಎತ್ತಿಕೊಂಡಾಗ ಅವರ ಮೈಮೇಲಿದ್ದುದು ಈ ಹತ್ತಿ ಸೀರೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಸವೆದ ಜಾಗಗಳನ್ನು ಗುರುತಿಸಿ, ಉಳಿದ ಭಾಗವನ್ನು ಎರಡು ಹೆಬ್ಬೆರಳುಗಳ ನಡುವೆ ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ಎಳೆದು ನೋಡಿ; ಎಳೆ ಸರಿಯದೆ ನಿಂತರೆ ಹೊಲಿಗೆಗೆ ಯೋಗ್ಯ. ಹುಟ್ಟಿದ ಕೂಸಿನ ತಲೆಯ ಸುತ್ತಳತೆ ಎದೆಗಿಂತ ತುಸು ಹೆಚ್ಚೇ ಇರುವುದರಿಂದ ತಲೆಯ ಮೇಲಿನಿಂದ ತೊಡಿಸುವ ಅಂಗಿ ಬೇಡ, ಮುಂದೆ ಒಂದರ ಮೇಲೊಂದು ಬಂದು ಪಕ್ಕದಲ್ಲಿ ಕಟ್ಟುವ ಜಬಲಾ ಒಳ್ಳೆಯದು. ಗುಂಡಿ ಬೇಡ, ಕುತ್ತಿಗೆಯ ಬಳಿ ಲಾಡಿ ಬೇಡ, ಒಳಮೈಗೆ ಚುಚ್ಚುವ ಜರಿ ಬೇಡ. 9 ನಂಬರಿನ ಸೂಜಿ, ಹತ್ತಿ ದಾರ, 2 ಮಿ.ಮೀ. ಹೊಲಿಗೆ ಸಾಕು. ಅಂಗಿ ಮುಂದಿನ ಮಕ್ಕಳಿಗೂ ಬರಬೇಕಾದರೆ ಪಕ್ಕದ ಹೊಲಿಗೆಯ ಒಳಗೆ 2 ಸೆಂ.ಮೀ. ಬಟ್ಟೆ ಬಿಡಿ, ಕೆಳಗೆ 1 ಸೆಂ.ಮೀ. ಆಳದ ಎರಡು ಟಕ್, ಎಂದರೆ ಅಡ್ಡಕ್ಕೆ ಮಡಿಸಿ ಹೊಲಿದ ಪಟ್ಟಿ, ಹಿಡಿಯಿರಿ. ಬಿಚ್ಚಿದರೆ ಉದ್ದ 4 ಸೆಂ.ಮೀ. ಹೆಚ್ಚುತ್ತದೆ. ಚಿತ್ತಾರ ಬೇಕೆನ್ನುವವರು ಕಸೂತಿಯ ಗವಂತಿ ಹೊಲಿಗೆಯಲ್ಲಿ ಸಣ್ಣದೊಂದು ತುಳಸಿಕಟ್ಟೆ ಹಾಕಲಿ. ಅದರಲ್ಲಿ ಗಂಟು ಹಾಕುವ ಪದ್ಧತಿಯಿಲ್ಲ, ಒಳಗೂ ಹೊರಗೂ ಒಂದೇ ರೂಪ, ಕೂಸಿನ ಮೈಗೆ ಏನೂ ಒತ್ತುವುದಿಲ್ಲ.

ಕಾಪಿಡುವ ಕ್ರಮ ಸುಲಭ. ಒಗೆದು, ಗಂಜಿ ಹಾಕದೆ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಇಡಬೇಡಿ, ನಮ್ಮ ಮಳೆಗಾಲದ ತೇವ ಅದರೊಳಗೆ ಸಿಕ್ಕಿ ಬೂಷ್ಟು ಹಿಡಿಯುತ್ತದೆ. ನುಸಿಯ ಹುಳು ತಿನ್ನುವುದು ಉಣ್ಣೆ, ರೇಷ್ಮೆಗಳನ್ನು. ಶುಚಿಯಾದ ಹತ್ತಿ ಅದರ ಆಹಾರವೇ ಅಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ದೀಪಾವಳಿಯ ನಂತರ ಒಮ್ಮೆ ಬಿಚ್ಚಿ ಗಾಳಿಗೆ ಹರವಿ, ಮಡಿಕೆ ಬದಲಿಸಿ. ಪರಿಮಳ ಬೇಕಾದರೆ ಲಾವಂಚದ ಬೇರಿನ ಪುಟ್ಟ ಗಂಟೊಂದನ್ನು ಪಕ್ಕದಲ್ಲಿಡಬಹುದು.

ನೀವು ಕೇಳದಿದ್ದರೂ ಇನ್ನೊಂದು ಮಾತನ್ನು ಹೇಳಲೇಬೇಕು. ಐದೂವರೆ ಮೀಟರ್ ಸೀರೆಯಲ್ಲಿ ಕೂಸಿನ ಅಂಗಿಗೆ ಒಂದು ಮೀಟರ್ ಕೂಡ ಬೇಡ. ಉಳಿದದ್ದನ್ನು ಒರೆಸುವ ಬಟ್ಟೆ ಮಾಡಬೇಡಿ. ನಮ್ಮದೇ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿಗಳ ತುಂಡುಗಳಿಂದ ಕವಂದಿ ಎಂಬ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಆರಂಭಿಸಿ, ಕೈಯಲ್ಲೇ ಸಾಲು ಹೊಲಿಗೆ ಹಾಕುತ್ತ, ಸುತ್ತು ಸುತ್ತಾಗಿ ನಡುವಿನವರೆಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ಫುಲಾ, ಎಂದರೆ ಹೂವು, ಇಟ್ಟರೆ ಮಾತ್ರ ಅವರ ಕಣ್ಣಿಗೆ ಕೌದಿ ಪೂರ್ಣವಾದಂತೆ. ತೊಟ್ಟಿಲಿನ ಅಳತೆಯ ಒಂದು ಕೌದಿಗೆ ನಿಮ್ಮ ಅಮ್ಮನ ಸೀರೆಯ ಉಳಿದ ಭಾಗ ಧಾರಾಳವಾಗಿ ಸಾಕು. ಅಂಗಿಗೆ ಗುರುತು ಹಾಕುವ ಮೊದಲೇ ಸೆರಗಿನಿಂದ ಅಂಗೈ ಅಗಲದ ನಾಲ್ಕು ಚೌಕಗಳನ್ನು ಆ ಹೂವುಗಳಿಗಾಗಿ ಕತ್ತರಿಸಿ ತೆಗೆದಿಡಿ.