ಅಂಗಡಿಯೊಳಗಿನ ಪಿಲ್ಲರ್ ಯಾರದು?

ಮುಂಬಯಿ ಮುಲುಂಡ್‌ನ ನಮ್ಮ ಹೌಸಿಂಗ್ ಸೊಸೈಟಿಯ ಕಟ್ಟಡದ ಕೆಳಗೆ ಒಂದು ಹೋಟೆಲಿದೆ. ಕುಂದಾಪುರ ಕಡೆಯ ಶೆಟ್ರದ್ದು. ಗಲ್ಲಾ ಪಕ್ಕದ ಪಿಲ್ಲರ್ ಕಂಡರೆ ಅವರಿಗೆ ಆಗುವುದಿಲ್ಲ. "ಇದೊಂದು ಇಲ್ಲದಿದ್ರೆ ಇನ್ನೆರಡು ಟೇಬಲ್ ಹಾಕ್ಬಹುದಿತ್ತು ಮಾರಾಯ್ರೆ" ಅನ್ನುತ್ತಾರೆ. ಮುಂಬಯಿಯ ಜಾಗದ ಬೆಲೆ ಗೊತ್ತಿದ್ದವರು ಅವರನ್ನು ಬೈಯಲಾರರು. ಆದರೆ ಆ ಪಿಲ್ಲರ್ ಮೇಲೆ ನಾಲ್ಕು ಸಂಸಾರ ಕೂತಿವೆ.

ಹಳೆಯ ಚಾಳುಗಳಲ್ಲಿ, ಅಂದರೆ ಸಾಲು ಕೋಣೆಗಳ ಬಾಡಿಗೆ ಕಟ್ಟಡಗಳಲ್ಲಿ, ಭಾರ ಹೊರುತ್ತಿದ್ದದ್ದು ಮರದ ಕಂಬ, ತೊಲೆ, ಇಟ್ಟಿಗೆ ಗೋಡೆ. 1947ರ ಬಾಡಿಗೆ ಕಾಯ್ದೆ ಬಾಡಿಗೆಯನ್ನು 1940ರ ಮಟ್ಟಕ್ಕೇ ಕಟ್ಟಿಹಾಕಿತು. ಬಾಡಿಗೆದಾರರು ಉಳಿದುಕೊಂಡರು, ಸರಿ. ಆ ಪುಡಿಗಾಸಿಗೆ ಮಾಲೀಕ ರಿಪೇರಿ ಯಾಕೆ ಮಾಡಿಸ್ತಾನೆ? ಮೋರಿ ನೀರು ಇಳಿದಿಳಿದು, ಗೋಡೆಯೊಳಗೆ ಕೂತ ತೊಲೆಯ ತುದಿಯೇ ಲಡ್ಡು ಹಿಡಿದು ಕೊಳೆಯಿತು. ಅದು ಹೊರಗೆ ಕಾಣುವುದೂ ಇಲ್ಲ. 1969ರಲ್ಲಿ ಸರ್ಕಾರ ಇಂಥ ಹಳೇ ಕಟ್ಟಡಗಳಿಗೆ ಸೆಸ್ ಅನ್ನುವ ಕರ ಹಾಕಿ, ರಿಪೇರಿ ಮಂಡಳಿ ಮಾಡಿತು. ಪಟ್ಟಿಗೆ ಬಂದ ಕಟ್ಟಡಗಳು 19 ಸಾವಿರಕ್ಕೂ ಜಾಸ್ತಿ. ಕೆಲವಕ್ಕೆ ಇಂದಿಗೂ ಟೇಕು, ಅಂದರೆ ಆಸರೆ, ಕೊಟ್ಟು ನಿಲ್ಲಿಸಿದ್ದಾರೆ. 2017ರ ಆಗಸ್ಟ್‌ನಲ್ಲಿ ಭೇಂಡಿ ಬಜಾರಿನ ನೂರು ವರ್ಷ ದಾಟಿದ ಹುಸೈನಿ ಕಟ್ಟಡ ಕುಸಿದು 33 ಜನ ಸತ್ತರು.

ಆಮೇಲೆ ಬಂದದ್ದು ಕಾಂಕ್ರೀಟ್. ಇಲ್ಲಿ ಸ್ಲಾಬ್‌ನ ಭಾರ ಬೀಮಿಗೆ, ಬೀಮಿನದು ಪಿಲ್ಲರಿಗೆ, ಪಿಲ್ಲರಿನದು ಪಾಯಕ್ಕೆ. ನಡುವಿನ ಇಟ್ಟಿಗೆ ಗೋಡೆ ಹೆಚ್ಚಾಗಿ ಬರೀ ಮರೆ. "ಗೋಡೆ ಒಡೆದೆ, ಏನೂ ಆಗ್ಲಿಲ್ಲ" ಅಂದವನಿಗೆ ಪಿಲ್ಲರ್ ಮುಟ್ಟುವ ಧೈರ್ಯ ಬರೋದು ಇಲ್ಲಿಂದಲೇ.

ಜನ, ಮಂಚ, ಕಪಾಟಿಗೆ ಅಂತ ಮನೆಯ ನೆಲಕ್ಕೆ ಲೆಕ್ಕ ಹಿಡಿಯುವುದು ಚದರ ಮೀಟರಿಗೆ ಸುಮಾರು 200 ಕಿಲೋ. ಈಗ ಹಳೇ ಟೈಲ್ಸ್ ಕೀಳದೆ ಮೇಲೆ ಎರಡಿಂಚು ಗಾರೆ ಹಾಕಿ ಹೊಸದು ಕೂರಿಸಿದಿರಿ ಅನ್ನಿ. ಗಾರೆಯೇ 100 ಕಿಲೋ ದಾಟುತ್ತದೆ. ಅರ್ಧ ಲೆಕ್ಕ ಅಲ್ಲೇ ಖಾಲಿ! ಸಾವಿರ ಲೀಟರಿನ ಟ್ಯಾಂಕ್ ಅಂದರೆ ಒಂದು ಟನ್ ನೀರು. ಮೇಲೆ ಮುಂಬಯಿಯ ಉಪ್ಪುಗಾಳಿ, ಮಳೆ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಸಿಡಿಯುತ್ತದೆ.

2013ರ ಸೆಪ್ಟೆಂಬರಿನಲ್ಲಿ ಡಾಕ್‌ಯಾರ್ಡ್ ರೋಡಿನ ಬಳಿ ಪಾಲಿಕೆಯದೇ ಕಟ್ಟಡ ಬಿದ್ದು 61 ಜನ ಹೋದರು. ಅದಕ್ಕಿನ್ನೂ ನಲವತ್ತು ವರ್ಷವೂ ಆಗಿರಲಿಲ್ಲ. 2017ರ ಜುಲೈಯಲ್ಲಿ ಘಾಟ್ಕೋಪರಿನ ಸಾಯಿ ದರ್ಶನ್ ಬಿತ್ತು, 17 ಸಾವು. ನೆಲಮಹಡಿಯಲ್ಲಿ ಒಳಗಿನ ಕೆಲಸ ನಡೆದಿತ್ತು, ಪಿಲ್ಲರ್‌ಗೆ ಕೈ ಹಾಕಿದ್ದರು ಅನ್ನುವುದು ಆರೋಪ. ನನ್ನ ಮಟ್ಟಿಗೆ ಘಾಟ್ಕೋಪರೇ ಜಾಸ್ತಿ ಹೆದರಿಸುವ ಕತೆ. ಹಳತಾಗಿ ಬೀಳುವುದಕ್ಕೆ ವರ್ಷಗಳು ಬೇಕು, ಇದಕ್ಕೆ ಕೆಲವು ದಿನ ಸಾಕು.

30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಗಟ್ಟಿತನದ ತಪಾಸಣೆ, ಕಡ್ಡಾಯ. ನಮ್ಮದಕ್ಕೂ ಆಯಿತು. ವರದಿಯಲ್ಲಿ 'ಸಿ-1' ಬಂದರೆ ಮನೆ ಖಾಲಿ ಮಾಡಬೇಕು. ನಮಗೆ ಬಂದದ್ದು 'ಸಿ-2ಬಿ': ಒಳಗಿದ್ದುಕೊಂಡೇ ರಿಪೇರಿ. ಇಂಜಿನಿಯರ್ ಶೆಟ್ರ ಪಿಲ್ಲರಿಗೆ ಸುತ್ತಿಗೆಯಿಂದ ಟಕ್ ಟಕ್ ಬಡಿದರು. ಸೊಂಟದ ಮಟ್ಟದಲ್ಲಿ, ಪಾತ್ರೆ ತೊಳೆಯುವ ಮೋರಿಯ ಕಡೆಗೆ, ಡಬ್ ಅಂತು, ಒಳಗೆ ಟೊಳ್ಳು. ಶೆಟ್ರ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು.

"ಇದ್ರ ಖರ್ಚು ಸೊಸೈಟಿದೋ, ನಂದೋ?" ಅಂದರು.

ಸೊಸೈಟಿಯದೇ.